ನಿಮ್ಮ ಮನೆಯ ಚುಕ್ಕಿಯಲ್ಲಿ ಏನು ಬರೆದಿದೆ?

ಒಬ್ಬ ಸಿರಿವಂತನ ಕಥೆ ಹೇಳುತ್ತೇನೆ, ಕೇಳಿ. ಮೂರಂತಸ್ತಿನ ಮನೆ, ಮನೆ ತುಂಬ ವೈಫೈ. ಇವನು ಮಗಳ ಜೊತೆ ಗದಗದ ಕಡೆಯ ಒಂದು ಊರಿಗೆ ಮದುವೆಗೆ ಹೋಗಿದ್ದ. ತಾಂಬೂಲ ಹಿಡಿದು ಹೊರಡುವಾಗ ಮಗಳಿಗೆ ನೆನಪಾಯಿತು. ಕಾಲೇಜಿನ ಸೀಟಿಗೆ ಐದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ತಪ್ಪಿದರೆ ಅದು ಬೇರೆಯವರಿಗೆ. ನೋಡಿದರೆ ಇಬ್ಬರ ಫೋನಿನಲ್ಲೂ ನೆಟ್‌ವರ್ಕ್ ಇಲ್ಲ! ಕಿಸೆ ತುಂಬ ಹಣವಿದ್ದು ಏನು ಮಾಡುವುದು, ಹೇಳಿ?

ಮಗಳು ಮೊದಲೇ ಇಳಿಸಿಟ್ಟಿದ್ದ ಒಂದು ನಕ್ಷೆ ತೆರೆದಳು. ಎಲ್ಲೆಲ್ಲಿ ಇಂಟರ್ನೆಟ್ ಸಿಗುತ್ತದೆ ಎಂದು ಕಂಡವರೆಲ್ಲ ಚುಕ್ಕಿ ಇಟ್ಟು, ನಾಲ್ಕು ಮಾತು ಬರೆದಿಡುವ ನಕ್ಷೆ ಅದು. ಹತ್ತಿರದ ಚುಕ್ಕಿಯಲ್ಲಿ ಹೀಗಿತ್ತು: "ಟೇಲರ್ ಅಂಗಡಿ. ಪಾಸ್‌ವರ್ಡ್ ಅಜ್ಜಿಯನ್ನು ಕೇಳಿ. ನೀರು ಕುಡಿಯದವರಿಗೆ ಹೇಳುವುದಿಲ್ಲ." ಇದೆಂಥ ನಿಯಮವಪ್ಪಾ ಎಂದುಕೊಳ್ಳುತ್ತಲೇ ಮಗಳ ಜೊತೆ ಓಡಿದ.

ಗುಂಡಿ ಹೊಲಿಯುತ್ತಿದ್ದ ಅಜ್ಜಿ ತಲೆಯೆತ್ತಿ, "ಎಷ್ಟ ಬೆವತೀರಿ ಯಪ್ಪಾ! ಮೊದ್ಲ ನೀರ ಕುಡೀರಿ, ಆಮ್ಯಾಲ ಹೇಳ್ತೀನಿ" ಎಂದಳು. ಚೊಂಬು ಬರಿದಾಯಿತು, ಪಾಸ್‌ವರ್ಡ್ ಬಂತು. ಐದಕ್ಕೆ ಹತ್ತು ನಿಮಿಷ ಇರುವಾಗ ಮಗಳು ಒಪ್ಪಿಗೆ ಕಳಿಸಿದಳು, ಸೀಟು ಉಳಿಯಿತು.

"ಇದನ್ನೆಲ್ಲ ನಕ್ಷೆಯಲ್ಲಿ ಬರೆದವರು ಯಾರಮ್ಮಾ?" ಎಂದು ಕೇಳಿದ.

"ಯಾರಿಗೊತ್ತ್ರೀ. ನಿಮ್ಮಂಗ ಬಂದವ್ರು ಯಾರೋ ಬರದಿರಬೇಕು."

ಜೀವ ಹಗುರಾದ ಮೇಲೆ ಮನುಷ್ಯ ಏನು ಮಾಡುತ್ತಾನೆ? ತನ್ನನ್ನೇ ಹುಡುಕುತ್ತಾನೆ! ನಮ್ಮೂರೂ ಇದೆಯೇ ಎಂದು ಮಗಳ ಫೋನು ತೆಗೆದುಕೊಂಡು ನಕ್ಷೆ ಸರಿಸುತ್ತಾ ಹೋದ. ಊರು ಬಂತು, ಬೀದಿ ಬಂತು, ಅವನ ಮನೆಯ ಮೇಲೂ ಒಂದು ಚುಕ್ಕಿ! ಹಿಗ್ಗಿ ಒತ್ತಿದ.

"ಮೂರಂತಸ್ತಿನ ಮನೆ. ಸಿಗ್ನಲ್ ರಸ್ತೆಯವರೆಗೂ ಬರುತ್ತದೆ. ಕಾಲೇಜಿನ ಅರ್ಜಿಗೆ ಕಡೇ ದಿನ, ಐದೇ ನಿಮಿಷ ಕೊಡಿ ಎಂದು ಬೇಡಿಕೊಂಡೆ. ಗೇಟಿನಿಂದಲೇ ಓಡಿಸಿದರು. ಇಲ್ಲಿಗೆ ಬಂದು ಹೊತ್ತು ಕಳೆಯಬೇಡಿ."

ಯಾರ ಮಗುವೋ ಅದು? ಯಾವತ್ತು ಬಂದಿತ್ತು? ಆ ಸೀಟು ಏನಾಯಿತು? ಎಷ್ಟು ತಿಣುಕಿದರೂ ಮುಖವೇ ನೆನಪಾಗಲಿಲ್ಲ. ನಾಚಿಕೆಯಾಗಿ, ಮಗಳಿಗೆ ಕಾಣದಂತೆ ಫೋನು ಮಗುಚಿ ಹಿಡಿದ.

ನೋಡಿ, ಎಲ್ಲರಿಗೂ ವೈಫೈ ಹಂಚಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯ ಮೇಲೂ ಒಂದು ಚುಕ್ಕಿ ಇದೆ. ಫೋನಿನಲ್ಲಿ ಇಲ್ಲದಿರಬಹುದು, ಬಂದು ಹೋದವರ ಮನಸ್ಸಿನಲ್ಲಿದೆ. ಕೊರಿಯರ್ ತಂದವನು ಅಲ್ಲಿ ಏನು ಬರೆದ? ಮೀಟರ್ ನೋಡಲು ಬಂದವಳು? ವಿಳಾಸ ಕೇಳಿದವನು? ನಾಳೆ ಗೇಟಿನ ಬಳಿ ಯಾರಾದರೂ ನಿಂತರೆ, ಕೂತಲ್ಲಿಂದಲೇ "ಏನು?" ಎಂದು ಕೂಗಬೇಡಿ. ಎದ್ದು ಹೋಗಿ. ಏನು ಬೇಕಿತ್ತು ಎಂದು ಪೂರ್ತಿ ಕೇಳಿ. ಕೊಡಲಾಗದಿದ್ದರೆ ಕೊಡಬೇಡಿ. ಮುಖ ನೋಡದೆ ಮಾತ್ರ ಯಾರನ್ನೂ ಕಳಿಸಬೇಡಿ.