ಬಾಟಲಿ ಇಡುವ ತಾರೀಖು

...ಇಲ್ಲ ಭಾವ, ಕೂತ್ಕೊಳ್ಳಲ್ಲ. ನಿಂತೇ ಮಾತಾಡ್ತೀನಿ. ಆ ಹಲಗೆ ಉಜ್ಜೋದು ಒಂದ್ನಿಮಿಷ ನಿಲ್ಸಿ! ಅಕ್ಕ ಒಳಗಿದ್ದಾಳಾ? ಇರ್ಲಿ, ಅವಳೂ ಕೇಳಿಸ್ಕೊಳ್ಳಲಿ. ತನ್ನ ಗಂಡ ತನ್ನ ತಮ್ಮನ ಹೊಟ್ಟೆ ಮೇಲೆ ಹೊಡೆದದ್ದು ಗೊತ್ತಾಗ್ಲಿ.

ಹದಿನಾಲ್ಕು ವರ್ಷ ಭಾವ! ನೀವು ಬೀರು ಮಾಡಿದ್ರಿ, ನಾನು ಬಣ್ಣ ಹೊಡೆದೆ. ನೀವು ಬಾಗಿಲು ಮಾಡಿದ್ರಿ, ನಾನು ಬಣ್ಣ ಹೊಡೆದೆ. ಈಗ ಆ ಹೊಸ ಕ್ಲಿನಿಕ್ಕಿನ ಡಾಕ್ಟರಮ್ಮನ ಮುಂದೆ ‘ಇನ್ಮೇಲೆ ಬೇರೆ ಪೇಂಟರನ್ನ ಕರ್ಕೊಂಡು ಬರ್ತೀನಿ’ ಅಂದ್ರಂತೆ. ಕಾಂಪೌಂಡರ್ ಹೇಳಿದ. ಮೂರನೆಯವನ ಬಾಯಿಂದ ಕೇಳ್ಬೇಕಾಯ್ತಲ್ಲ ನಾನು... ನೀವೇ ಹೇಳಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ.

ಯಾಕೆ ನಗ್ತೀರಿ? ನಗೋ ಅಂಥದ್ದು ಏನ್ ಹೇಳಿದೆ?

ಸರಿ. ಡಾಕ್ಟರಮ್ಮ ಬೀರುವಿಂದ ಔಷಧಿ ಬಾಟಲಿ ಎತ್ತಿದ್ರೆ ಬಣ್ಣ ತಳಕ್ಕೆ ಅಂಟಿಕೊಂಡು ಬಂತು. ಬೀರು ತುಂಬ ಉಂಗುರ ಉಂಗುರ ಗುರುತು. ಒಪ್ಪಿದೆ. ಆದ್ರೆ ತಪ್ಪು ಯಾರದು? ಬಣ್ಣ ಒಣಗೋದು ಬೇರೆ, ಬಲಿಯೋದು ಬೇರೆ. ನಿಮಗೆ ಗೊತ್ತಿಲ್ದೇ ಇರೋದಾ? ನಾಲ್ಕು ಗಂಟೆ ಬಿಟ್ಟು ಮುಟ್ಟಿದ್ರೆ ಕೈಗಂಟಲ್ಲ, ಅಷ್ಟೇ, ಒಣಗ್ತು. ಮೇಲೆ ಮಾತ್ರ! ಒಳಗೆ ಇನ್ನೂ ಮೆತ್ತಗಿರುತ್ತೆ, ಉಗುರು ಒತ್ತಿದ್ರೆ ಗುರುತು ಬೀಳುತ್ತೆ. ಭಾರ ತಡ್ಕೊಳ್ಳೋ ಹಾಗೆ ಬಲಿಯೋಕೆ ಇಪ್ಪತ್ತು ದಿನ ಬೇಕು. ಅದಕ್ಕೇ ಅಲ್ವಾ ನಾನು ಟೇಪು ಅಂಟಿಸೋದು? ಸಾಮಾನು ಇಡೋ ತಾರೀಖು ಬರ್ದು, ಬಾಗಿಲ ಗಾಜಿಗೆ, ಕಣ್ಣಿಗೆ ಹೊಡೆಯೋ ಹಾಗೆ. ಇನ್ಯಾವ ಪೇಂಟರ್ ಮಾಡ್ತಾನೆ ಹೇಳಿ? ಡಾಕ್ಟರಮ್ಮನ ಬೀರುಗೂ ಅಂಟಿಸಿದ್ದೆ. ಅವರು ನೋಡದೇ ಬಾಟಲಿ ಜೋಡಿಸಿದ್ರೆ ನಾನೇನ್ ಮಾಡ್ಲಿ?

ಅದನ್ನ ನೀವು ಹೇಳ್ಬೇಕಿತ್ತು. ನನ್ನ ಪರವಾಗಿ ಒಂದೇ ಒಂದು ಮಾತು! ಅದು ಬಿಟ್ಟು ನಡುನೀರಲ್ಲಿ ಕೈ ಬಿಟ್ರಿ.

ಏನ್ ನೋಡ್ತಿದೀರಿ? ತೋಳಾ? ಇದು ಬಣ್ಣ. ಪೇಂಟರ್ ಶರ್ಟಲ್ಲಿ ಬಣ್ಣ ಇರ್ದೇ ಮತ್ತೇನಿರುತ್ತೆ... ಹೌದು, ನೀಲಿ. ಕ್ಲಿನಿಕ್ಕಿಗೆ ಬಿಳಿ ಹೊಡೆದದ್ದು, ಗೊತ್ತು. ಇದು ಹಳೇದು. ಹಳೇ ಶರ್ಟು. ಕ್ಲಿನಿಕ್ ಬೀರುಗೆ ಬಣ್ಣ ಹೊಡೀಬೇಕಿದ್ದ ವಾರ ನಾನು ಜ್ವರ ಬಂದು ಮಲಗಿದ್ನಲ್ಲ, ಅಕ್ಕ ಮಾತ್ರೆ ಕೂಡ ಕಳಿಸಿದ್ಳು...

ಡ್ರಾಯರಲ್ಲಿ ಏನ್ ಹುಡುಕ್ತಿದೀರಿ?

...ಟೇಪು.

ಹಾಂ, ನನ್ನಕ್ಷರವೇ. ಇಲ್ಲ ಅನ್ನಲ್ಲ.

ಹಾಗೆ ಹಿಡ್ಕೊಂಡು ನಿಲ್ಬೇಡಿ ಭಾವ. ಹತ್ತನೇ ತಾರೀಖು ಅಂತಿದೆ. ಹೌದು, ಕ್ಲಿನಿಕ್ ತೆರೆಯೋ ದಿನವೇ. ನಾನು ಎಂಟನೇ ತಾರೀಖು ಬಣ್ಣ ಹೊಡೆದು... ಇನ್ನೇನ್ ಬರೀಲಿ? ಇಪ್ಪತ್ತು ದಿನ ಬಿಟ್ಟು ಅಂತ ಬರ್ದಿದ್ರೆ, ಇಷ್ಟು ದಿನ ಎಲ್ಲಿದ್ದೆ ಅಂತ ಡಾಕ್ಟರಮ್ಮ ಕೇಳ್ತಿದ್ರು. ನೀವೂ ಕೇಳ್ತಿದ್ರಿ.

ಹೋಟೆಲಿನ ಕೆಲಸ ಭಾವ. ನಲವತ್ತು ಬಾಗಿಲು, ಎಲ್ಲಾ ನೀಲಿ. ಅಲ್ಲಿ ಬಾಗಿಲು ಮಾಡೋ ದೊಡ್ಡ ಬಡಗಿ ತಾನಾಗೇ ಕರೆದ, ‘ನಿಮ್ಮ ಭಾವನಿಗೆ ಹೇಳ್ಬೇಡ’ ಅಂದ. ನಾನು... ಹೇಳ್ಲಿಲ್ಲ.

ನಿಮಗೆ ಯಾವಾಗ ಗೊತ್ತಾಯ್ತು? ಮೊದ್ಲೇನಾ? ಅಕ್ಕನಿಗೆ?... ಇಲ್ವಾ? ಜ್ವರ ಅಂತಾನೇ ತಿಳ್ಕೊಂಡಿದ್ದಾಳಾ ಇನ್ನೂ? ಡಾಕ್ಟರಮ್ಮನಿಗೂ ಈ ಟೇಪು ತೋರಿಸ್ಲಿಲ್ವಾ?

ತಡೀರಿ... ನೀವು ಉಜ್ತಾ ಇದ್ದ ಹಲಗೆ... ಈ ಉಂಗುರಗಳು... ಇದು ಕ್ಲಿನಿಕ್ಕಿಂದೇ ಅಲ್ವಾ? ಎಲ್ಲಾ ಹಲಗೇನೂ ಒಬ್ರೇ ಹೊತ್ಕೊಂಡು ಬಂದ್ರಾ?

ಬೈರಿ ಭಾವ. ಕಪಾಳಕ್ಕೆ ಬೇಕಾದ್ರೂ ಬಾರಿಸಿ. ಆದ್ರೆ ಮೆಲ್ಲಗೆ... ಅಕ್ಕನಿಗೆ ಕೇಳಿಸುತ್ತೆ.

ಆ ಉಪ್ಪುಕಾಗದ ಇಲ್ಲಿ ಕೊಡಿ. ನಾನು ಉಜ್ತೀನಿ, ನಾನೇ ಹೊಡೀತೀನಿ, ಸರಿಯಾದ ತಾರೀಖು ಬರೀತೀನಿ. ಕೊಡಿ.

ಕೊಡಿ ಭಾವ... ಯಾಕೆ ಕಾಗದ ಬಿಗಿಯಾಗಿ ಹಿಡ್ಕೊಂಡಿದ್ದೀರಿ? ನಿಜವಾಗ್ಲೂ ಬೇರೆ ಪೇಂಟರನ್ನೇ ಕರೀತೀರಾ?

ಭಾವ?