ಇಳಿಯದ ಗಾಜು

ಅರವತ್ತೊಂದನೆಯ ಇಸವಿಯ ಒಂದು ಬೆಳಿಗ್ಗೆ ಶಾಲೆಯ ಮೇಡಂ ಶ್ಯಾಮಲಮ್ಮ ಶಿಡ್ಲಘಟ್ಟದಲ್ಲಿ ದಿಬ್ಬೂರಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಬೆನ್ನ ಹಿಂದೆ ಇಬ್ಬರು ಮಾತಿಗೆ ನಿಂತರು. ಒಬ್ಬ ಕಾರು ರಿಪೇರಿಯ ಬಯ್ಯಪ್ಪ. ಇನ್ನೊಬ್ಬನ ಗುರುತು ಅವಳಿಗಿರಲಿಲ್ಲ.

"ಕಿಟಕಿ ಪಟ್ಟಿಗಳ್ನೆಲ್ಲ ಬಿಚ್ಚಿದೆ ಸ್ವಾಮಿ. ಗಾಜು ಜಾರೋ ಕಂಬಿನೂ ತೆಗೆದೆ."

"ನಾಲ್ಕೂ ಬಾಗ್ಲುದ್ದಾ?"

"ನಾಲ್ಕೂವೆ. ನಿಮ್ಮ ಹಳೇ ಕಾರಿಗೆ ಇನ್ನು ಪಕ್ಕದ ಗಾಜೇ ಇಲ್ಲ."

"ಇರಬಾರ್ದು ಬಯ್ಯಪ್ಪ. ಕೆರೆಗೆ ಬಿದ್ದಾಗ ನನ್ನ ಕಡೆ ಬಾಗ್ಲು ತೆರೀತು, ಬದುಕ್ದೆ. ನನ್ನ ಹೆಂಡ್ತಿ ಕಡೇದು ತೆರೀಲಿಲ್ಲ. ಗಾಜು ಇಳ್ಸಕ್ಕೆ ಹಿಡಿ ಎಷ್ಟು ತಿರುವಿದ್ಲೋ. ಕಂಬಿ ತುಕ್ಕು ಹಿಡಿದಿತ್ತು ಅಂತ ಮಾವನೋರಿಗೆ ಹೇಳಿದೀನಿ."

ಬಯ್ಯಪ್ಪ ಜೇಬಿಗೆ ಕೈ ಹಾಕಿದ.

"ತುಕ್ಕಿರಲಿಲ್ಲ ಸ್ವಾಮಿ. ಅಮ್ಮಾವ್ರ ಕಡೆ ಕಂಬಿ ಸಂದೀಲಿ ಇದು ಸಿಕ್ತು."

ಶ್ಯಾಮಲಮ್ಮ ತಡೆಯಲಾರದೆ ತಿರುಗಿ ನೋಡಿದಳು. ಬಯ್ಯಪ್ಪನ ಅಂಗೈಯಲ್ಲಿ ಹೆಬ್ಬೆರಳಷ್ಟು ಮರದ ಚೂರಿತ್ತು.

"ಯಾರೋ ಬಡ್ದು ಕೂರ್ಸವ್ರೆ."

"ನಾನೇ ಕಣಪ್ಪ." ಆತನ ದನಿ ಕುಗ್ಗಿತು. "ಗಾಜು ಗಡಗಡ ಅಂದ್ರೆ ಅವಳಿಗೆ ತಲೆನೋವು ಬರ್ತಿತ್ತು. ಅಲ್ಲಾಡದಂಗೆ ಬಡಿದೆ. ಆಮೇಲೆ ಮರ್ತೇಬಿಟ್ಟೆ."

"ನನ್ನ ಬಾಯಿಂದ ಯಾರಿಗೂ ಹೋಗಲ್ಲ ಸ್ವಾಮಿ."

ಅಷ್ಟರಲ್ಲಿ ದೂಳೆಬ್ಬಿಸುತ್ತ ಬಸ್ಸು ಬಂತು. ಆತ ಬಯ್ಯಪ್ಪನ ಮುಂದೆ ಕೈ ಚಾಚಿದ.

"ಕೊಡಿಲ್ಲಿ. ಮಗಳು ಹೆಂಗೆ ಹೋದ್ಲು ಅಂತ ಮಾವನೋರು ಹೋದಾಗೆಲ್ಲ ಕೇಳ್ತಾರೆ. ಇವತ್ತು ಹೇಳ್ತೀನಿ."

ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಆತ ಬಸ್ಸು ಹತ್ತಿದ. ಬಯ್ಯಪ್ಪ ಪೇಟೆಯ ಕಡೆ ನಡೆದ. ಅದು ಶ್ಯಾಮಲಮ್ಮನ ಬಸ್ಸೂ ಹೌದು. ಆದರೆ ಆತನ ಜೊತೆ ಹತ್ತದೆ ಅವಳು ಮುಂದಿನ ಬಸ್ಸಿಗೆ ಕಾಯುತ್ತ ನಿಂತಳು.