ಉಪ್ಪಿಗೊಂದು ತಕ್ಕಡಿ

ನಗಬೇಡ ವಿನೋದಕ್ಕ. ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಕೂಡಲೇ ನಗು ಕಾಣುವುದಿಲ್ಲ ಅಂತ ತಿಳಿದುಕೊಂಡಿದ್ದೀಯಾ? ನಮ್ಮಮ್ಮನೂ ಹೀಗೆಯೇ... ಜಗಲಿಯಲ್ಲಿ ದೊಡ್ಡವರು ಕೂತಿದ್ದರೆ ಅವಳ ನಗುವೆಲ್ಲ ಸೆರಗಿನೊಳಗೆ. ನೀನು ಅವಳದೇ ಮಗಳು. ನನಗೆ ಗೊತ್ತಾಗದಾ?

ನಗು, ಪರವಾಗಿಲ್ಲ. ಮಿಕ್ಸಿಯನ್ನು ಗಂಟಲು ಕೆಟ್ಟ ಕಾಗೆ ಅಂತ ಬೈದವನು ನಾನೇ. ಕುಕ್ಕರಿನ ಸೀಟಿ ಎಣಿಸುವವರು ಅಡುಗೆಯವರೇ ಅಲ್ಲ ಅಂದವನೂ ನಾನೇ. ಅಂಥ ಯಶ್ವಂತ ಇವತ್ತು ಠಾಣೆ ರೈಲ್ವೆ ಸ್ಟೇಷನ್ನಿನ ಹೊರಗೆ ಅಂಗಡಿ ಅಂಗಡಿ ಹತ್ತಿಳಿದು ಉಪ್ಪು ತೂಗುವ ಪುಟ್ಟ ತಕ್ಕಡಿ ತಂದಿದ್ದಾನೆ, ಗ್ಯಾಸ್ ಸೋರಿದರೆ ಕೂಗಿಕೊಳ್ಳುವ ಡಬ್ಬಿ ತಂದಿದ್ದಾನೆ. ಯಾರಿಗಾದರೂ ನಗು ಬರಬೇಕಾದ್ದೇ.

ಕಿಟಕಿ ಕಡೆ ಏನು ನೋಡ್ತೀ? ಅಳಿಯನ ಕಾರು ಬರಲಿಕ್ಕೆ ಇನ್ನೂ ಹೊತ್ತುಂಟು. ಮನೀಷ್ ನೆರೂಳದಿಂದ ಹೊರಡುವಾಗ ಫೋನ್ ಮಾಡ್ತಾನಂತೆ. ಅಷ್ಟರಲ್ಲಿ ನಮ್ಮದು ತೀರ್ಮಾನ ಆಗಲಿ. ನಿಶ್ಮಿತಾಳ ಬಾಣಂತನ ಮುಗಿಸಿ ನೀನು ಬರುವವರೆಗೆ ಈ ಮೆಸ್ ನನ್ನ ಕೈಗೆ. ಬೀಗದ ಕೈ ಮೇಜಿನ ಮೇಲೆ ಇಟ್ಟಿದ್ದೀ, ನನ್ನ ಕಡೆಗೆ ಸರಿಸಿಲ್ಲ. ಕಾಣ್ತದೆ ನನಗೆ.

ಓಡಿಹೋಗ್ತೇನೆ ಅಂತ ಹೆದರಿಕೆಯಾ? ಹೌದು, ಆರನೇ ಕ್ಲಾಸಿನಿಂದ ಓಡಿದವನು, ನಿಂತದ್ದು ಎಲ್ಲಿ? ಪನ್ವೇಲಿನ ಲಾರಿ, ವರ್ತಕ ನಗರದ ಹೋಟೆಲು, ಕಲ್ಯಾಣದ ಕಲ್ಯಾಣಮಂಟಪ... ಎಲ್ಲಿಯೂ ಎರಡು ಮಳೆಗಾಲ ಕಂಡವನಲ್ಲ. ಆದರೆ ಈಗ ಸಾಕಾಯ್ತು ಅಕ್ಕ. ಒಂದು ಕಡೆ ಇರಬೇಕು ಅನ್ನಿಸ್ತದೆ. ಈ ಅಡುಗೆಮನೆ ಬಿಟ್ಟರೆ ನನ್ನನ್ನು ಕರೆಯುವ ಅಡುಗೆಮನೆ ಇನ್ನೊಂದಿಲ್ಲ. ಯಾಕೆ ಅಂತ ಕೇಳಬೇಡ.

ಅರೇ, ನೀನು ಕೇಳಲೇ ಇಲ್ಲ. ಸರಿ.

ನಿನ್ನ ಮನಸ್ಸಿನಲ್ಲಿ ಇರುವುದು ಆ ಕ್ರಮ, ಅಲ್ವಾ? ದೇವರ ಎದುರು ಇಡುವ ಮೊದಲು ಸೌಟು ನಾಲಿಗೆಗೆ ತಾಗಬಾರದು. ಉಪ್ಪು, ಹುಳಿ ಎಲ್ಲ ಹಬೆಯಲ್ಲೇ ಮೂಗಿಗೆ ಹೇಳಬೇಕು. ಅಪ್ಪಯ್ಯ ಕೊಪ್ಪರಿಗೆಯ ಮುಚ್ಚಳ ಓರೆ ಮಾಡಿ ಒಮ್ಮೆ ಉಸಿರೆಳೆದರೆ ಸಾಕು, "ಇನ್ನೊಂದು ಮುಷ್ಟಿ" ಅಂತಿದ್ದ. ತಪ್ಪಿದ್ದೇ ಇಲ್ಲ. ಆ ಮೂಗು ನನಗೆ ಬಂದಿದೆ ಅಂತ ನೀನೇ ಊರೆಲ್ಲ ಹೇಳಿಕೊಂಡು ತಿರುಗಿದ್ದು. ಹಾಗಿರುವಾಗ ತಕ್ಕಡಿ ಯಾಕೆ, ಡಬ್ಬಿ ಯಾಕೆ? ಅದೇ ತಾನೇ ನಿನ್ನ ಅನುಮಾನ?

ಕೇಳು. ಲೋಕ ನಡೆದದ್ದೇ ಹೀಗೆ. ಅಜ್ಜಿಯ ಕಾಲದಲ್ಲಿ ಒಲೆ ಆರಿದರೆ ತೆಂಗಿನ ಚಿಪ್ಪು ಹಿಡಿದುಕೊಂಡು ಪಕ್ಕದ ಮನೆಗೆ ಕೆಂಡ ತರಲಿಕ್ಕೆ ಹೋಗಬೇಕಿತ್ತು. ಜಗಳ ಆಗಿದ್ದರೂ ಹೋಗಬೇಕು, ಇಲ್ಲದಿದ್ದರೆ ಗಂಜಿ ಇಲ್ಲ. ಬೆಂಕಿಪೊಟ್ಟಣ ಬಂತು ನೋಡು, ಜಗಳ ಹಾಗೇ ಉಳಿಯಿತು. ರುಬ್ಬುವ ಕಲ್ಲಿತ್ತು, ಅತ್ತೆ ಸೊಸೆ ಎದುರುಬದುರು ಕೂತು ಲೋಕದ ಮಾತೆಲ್ಲ ರುಬ್ಬುತ್ತಿದ್ದರು. ಗ್ರೈಂಡರ್ ಬಂತು, ತೋಳಿಗೆ ಸುಖ ಆಯ್ತು, ಮಾತು ಹೋಯ್ತು. ಇಲ್ಲಿ ಈ ಲೋಕಲ್ ರೈಲು... ಹಸಿವು ಆಗಬೇಕಾದದ್ದು ಹೊಟ್ಟೆಗೆ. ಆದರೆ ಡೊಂಬಿವಲಿಯ ಜನಕ್ಕೆ ಹಸಿವು ಆಗುವುದು ಗಾಡಿಯ ಟೈಮಿಗೆ. ಫೋನ್ ಬಂದು ನಂಬರು ನೆನಪು ಹೋಯ್ತು. ನಿನಗೆ ನನ್ನ ನಂಬರು ಬಾಯಿಪಾಠ ಉಂಟಾ? ಇಲ್ಲ ತಾನೇ?

ಒಂದೊಂದು ಯಂತ್ರ ಬಂದಾಗಲೂ ಮನುಷ್ಯ ತನ್ನ ಮೈಯದ್ದೇ ಏನನ್ನೋ ಅದರ ಕೈಗೆ ಕೊಟ್ಟ. ತೋಳು ಕೊಟ್ಟ, ಕಾಲು ಕೊಟ್ಟ, ನೆನಪು ಕೊಟ್ಟ. ಯಾರಾದರೂ ಅತ್ತರಾ? ಹಾಗಾದರೆ ಮೂಗೊಂದನ್ನು ಕೊಟ್ಟರೆ ಏನು ಮಹಾ? ತಕ್ಕಡಿ ಸುಳ್ಳು ಹೇಳುವುದಿಲ್ಲ. ಆ ಡಬ್ಬಿಗೆ ನೆಗಡಿ ಆಗುವುದಿಲ್ಲ.

ಮತ್ತೆ ಮುಖ ಮುಚ್ಚಿಕೊಂಡೆ ನೀನು. ಇಷ್ಟು ನಗುವಂಥದ್ದು ಏನು ಹೇಳಿದೆ ನಾನು?

ಹಾಂ, ಊಟಕ್ಕೆ ಬರುವ ಆ ಸುಜನ್ ಚಾಡಿ ಹೇಳಿರಬೇಕು. ಮೊನ್ನೆ ಚಟ್ನಿ ಹಳಸಿತ್ತು, ಯಶ್ವಂತಣ್ಣ ಅದನ್ನೇ ಬಡಿಸಿದರು ಅಂತ. ಅವನ ನಾಲಿಗೆ ಪಾಳಿ ಮುಗಿಸಿ ಬರುವಾಗಲೇ ಕೆಟ್ಟಿರ್ತದೆ ಮಾರಾಯ್ತಿ. ಫ್ಯಾಕ್ಟರಿಯಲ್ಲಿ ದಿನವಿಡೀ ಆ ಪೌಡರು ಈ ಪೌಡರು. ನನಗೆ ನೆಗಡಿ ಇತ್ತು, ಅಷ್ಟೇ. ಆ ದೊಡ್ಡ ಜ್ವರ ಬಂದುಹೋದಮೇಲೆ ಆಗಾಗ ನೆಗಡಿ. ಅದೇನು ರೋಗವಾ?

ಎದುರು ಬಿಲ್ಡಿಂಗಿನ ಶ್ರೀಮತಿ ನೋಡು, ನನ್ನ ಮುಖ ಕಂಡದ್ದೇ ಕಿಟಕಿ ಧಡಾರ್ ಅಂತ ಹಾಕಿಕೊಂಡಳು. ಹೋದ ವಾರ ನಮ್ಮ ಒಗ್ಗರಣೆ ಅವಳ ಬಟ್ಟೆಗೆ ಹಿಡಿಯಿತಂತೆ, ಅದರ ಸಿಟ್ಟು. ಹಾಕಿಕೊಳ್ಳಲಿ. ಈ ಸೆಖೆಯಲ್ಲಿ ಬೇಯುವವಳು ಅವಳು. ನಾನಂತೂ ತೆರೆದೇ ಇಡ್ತೇನೆ. ನೋಡು ಎಂಥಾ ತಂಪು ಗಾಳಿ... ಪಶ್ಚಿಮಕ್ಕೆ ತಿರುಗಿರಬೇಕು. ಒಳ್ಳೇದಾಯ್ತು.

ಏನು ಹಾಗೆ ನೋಡ್ತೀ?

ಅಕ್ಕ, ಏನಾದರೂ ಹೇಳು. ಬೈಯಾದರೂ ಬೈ. ಬಂದಾಗಿನಿಂದ ನಾನೇ ಮಾತಾಡ್ತಾ ಇದ್ದೇನೆ. ಸಾರಿಗೆ ಇಷ್ಟು ಗ್ರಾಮು ಉಪ್ಪು, ಹುಳಿಗೆ ಇಷ್ಟು, ಎಲ್ಲ ಲೆಕ್ಕ ಹಾಕಿಟ್ಟಿದ್ದೇನೆ. ಇಂಗು ಬೆಂದದ್ದು ಬಣ್ಣದಲ್ಲಿ ಗೊತ್ತಾಗ್ತದೆ, ಸಾಸಿವೆ ಸದ್ದಿನಲ್ಲಿ. ತೆಂಗಿನಕಾಯಿ ಕೆಟ್ಟದ್ದು ಬೆರಳಿಗೆ ಜಾರ್ತದೆ. ನಾನು ಕಲಿತುಕೊಂಡಿದ್ದೇನೆ. ಅಂದರೆ... ಕಲಿಯಬೇಕಾಗಿತ್ತು ಅಂತಲ್ಲ. ಸುಮ್ಮನೆ, ಹೊತ್ತು ಹೋಗದೆ.

ಅಗೋ, ಕೆಳಗೆ ಆ ಹೆಂಗಸು ಮಗುವಿನ ಮುಖಕ್ಕೆ ದುಪಟ್ಟಾ ಒತ್ತಿ ಹಿಡಿದು ಓಡ್ತಿದ್ದಾಳೆ. ಮತ್ತೆ ಏನಾದರೂ ಜ್ವರ ಗಿರ ಶುರುವಾಯ್ತಾ ಹೇಗೆ? ವಾಚ್‌ಮನ್ನನೂ ಕರವಸ್ತ್ರ ಕಟ್ಟಿಕೊಂಡಿದ್ದಾನೆ.

ನೀನು ಯಾಕೆ ಎದ್ದದ್ದು? ಕೂತುಕೋ, ನೀರು ಬೇಕಾದರೆ ನಾನು...

ಅದನ್ನು ಯಾಕೆ ಮುಚ್ಚಿದೆ?

ಅಕ್ಕ. ಕಿಟಕಿ ಯಾಕೆ ಮುಚ್ಚಿದೆ?

ಅಳ್ತಾ ಇದ್ದೀಯಾ... ಆಗಿನಿಂದ ನಗು ಅಂತ ತಿಳಿದಿದ್ದೆ ನಾನು.

ಎದುರಿನ ಬಿಲ್ಡಿಂಗಿನಲ್ಲಿ ಒಂದು ಕಿಟಕಿಯೂ ತೆರೆದಿಲ್ಲ. ಪಕ್ಕದ್ದರಲ್ಲೂ ಇಲ್ಲ. ಈ ಸೆಖೆಯಲ್ಲಿ... ಫ್ಯಾಕ್ಟರಿಗಳ ನಾತ ಹೊತ್ತು ಗಾಳಿ ಇತ್ತ ತಿರುಗಿದಾಗ ಇಲ್ಲಿಯವರು ಮಾಡುವುದೇ ಅದು. ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮದೊಂದೇ ತೆರೆದಿತ್ತು. ನಾನೇ ತೆರೆದದ್ದು. ನೀನು ಮೂಗಿಗೆ ಸೆರಗು ಹಿಡಿದುಕೊಂಡು ಕೂತು ಕಾದೆ, ಇವನು ಈಗ ಎದ್ದಾನು, ಈಗ ಮೂಗು ಮುಚ್ಚಿಯಾನು ಅಂತ. ನಾನು ತಂಪು ಗಾಳಿ ಅಂದೆ.

ಹೇಳಬೇಡ. ನೀನು ಏನೂ ಹೇಳಬೇಡ.

ಬೀಗದ ಕೈ ನಿನ್ನ ಸೊಂಟಕ್ಕೇ ಸಿಕ್ಕಿಸಿಕೊಂಡೆ. ಸರಿ, ಅದು ಅಲ್ಲೇ ಇರಲಿ. ನಿನ್ನ ಮನೆಯ ಅನ್ನ ತಿನ್ನುವವರು ಯಾರ ಮಕ್ಕಳೋ. ತಕ್ಕಡಿ ಇಟ್ಟುಕೋ, ನಿನಗೇ ಬೇಕಾದೀತು. ಡಬ್ಬಿಯೂ ಇರಲಿ. ಮನೀಷ್ ಬಂದ ಮೇಲೆ ನಾನು ಹೊರಡ್ತೇನೆ. ಎಲ್ಲಿಗೆ ಅಂತ... ನೋಡುವ.

ಒಂದೇ ಕೇಳ್ತೇನೆ ಅಕ್ಕ. ಹೊರಗೆ ಈಗ ವಾಸನೆ ಎಂಥದರ ಹಾಗೆ ಬರ್ತಾ ಉಂಟು? ಕೊಳೆತ ಕೋಸಿನ ಹಾಗಾ, ಸುಟ್ಟ ರಬ್ಬರಿನ ಹಾಗಾ? ನಿಧಾನ ಹೇಳು. ನಾನು ಕಣ್ಣು ಮುಚ್ಚಿಕೊಳ್ತೇನೆ.